ಜೀಪಿನಲ್ಲಿ ಕೂರಿಸಿದ ವಾಕಿಟಾಕಿ ಚಾರ್ಜರ್ ಚಾರ್ಜ್ ಮಾಡದಿದ್ದರೆ

ಕಾಡಿನ ಗಸ್ತಿನ ಜೀಪು, ಪೊಲೀಸ್ ಗಾಡಿ, ಆಂಬುಲೆನ್ಸ್, ಎಸ್ಟೇಟಿನ ಪಿಕಪ್. ವಾಕಿಟಾಕಿ ಬಳಸುವ ಕಡೆ ಡ್ಯಾಶ್‌ಬೋರ್ಡ್ ಹತ್ತಿರವೋ ಸೀಟಿನ ಹಿಂದೆಯೋ ಒಂದು ಚಾರ್ಜರ್ ಕೂತಿರುತ್ತದೆ. ಸೆಟ್ಟನ್ನು ಅದರ ಗೂಡಿಗೆ ಇಳಿಸಿದರೆ ಗಾಡಿ ಓಡುವಾಗಲೇ ಬ್ಯಾಟರಿ ತುಂಬಬೇಕು. ತುಂಬದಿದ್ದಾಗ ಬರುವ ದೂರು ಒಂದೇ: "ಸಾರ್, ಚಾರ್ಜರ್ ಹೋಗಿದೆ, ಬೇರೆ ಕೊಡಿ."

ನಿಜ ಹೇಳಬೇಕೆಂದರೆ, ಚಾರ್ಜರೇ ಕೆಟ್ಟಿರುವುದು ಕಡಿಮೆ. ಗಾಡಿ ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸು, ಕೀ ಸ್ವಿಚ್ಚು, ಸಿಗರೇಟು ಲೈಟರ್ ಸಾಕೆಟ್ಟು, ನಡುವಿನ ಜಾಯಿಂಟುಗಳು, ಬಾಡಿ ಅರ್ಥು (ಮೈನಸ್ ತಂತಿ ಗಾಡಿಯ ತಗಡಿಗೆ ಸೇರುವ ಜಾಗ), ಗೂಡಿನ ಪಿನ್ನು ಇಷ್ಟನ್ನೂ ದಾಟಿ ಸೆಟ್ಟಿನ ಬ್ಯಾಟರಿ ಸೇರಬೇಕು. ಇವುಗಳಲ್ಲಿ ಯಾವುದು ಸಡಿಲವಾದರೂ ದೂರು ಮಾತ್ರ ಚಾರ್ಜರ್ ಮೇಲೆ. ಹೊಸದು ಹಾಕಿ ಕಳಿಸಿದರೆ ಅದೇ ಗಾಡಿ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ.

ಹುಡುಕಲು ದೊಡ್ಡ ಸಾಮಾನು ಬೇಡ. ಒಂದು ಮಲ್ಟಿಮೀಟರ್, ಎರಡು ತಂತಿ ಬೆಸುಗೆ ಹಾಕಿದ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಆ ಬಲ್ಬು ಯಾಕೆ ಅಂತ ಮುಂದೆ ಹೇಳುತ್ತೇನೆ. ಮೀಟರಿಗಿಂತ ಅದೇ ಜಾಸ್ತಿ ಕೆಲಸಕ್ಕೆ ಬರುವ ಸಂದರ್ಭ ಇದೆ.

ಮೊದಲು ಅದಲುಬದಲು

ಏನನ್ನೂ ಬಿಚ್ಚುವ ಮೊದಲು ಮೂರು ಸಲ ಅದಲುಬದಲು ಮಾಡಿ. ಚಾರ್ಜ್ ಆಗದ ಬ್ಯಾಟರಿಯನ್ನು ಕಚೇರಿಯ ಟೇಬಲ್ ಚಾರ್ಜರಿಗೆ ಹಾಕಿ. ಅಲ್ಲೂ ಆಗದಿದ್ದರೆ ತೊಂದರೆ ಬ್ಯಾಟರಿಯದ್ದು, ಜೀಪಿನ ಕಡೆ ಹೋಗುವುದೇ ಬೇಡ. ಅಲ್ಲಿ ಆದರೆ, ಚೆನ್ನಾಗಿರುವ ಇನ್ನೊಂದು ಬ್ಯಾಟರಿಯನ್ನು ಜೀಪಿನ ಚಾರ್ಜರಿಗೆ ಹಾಕಿ ನೋಡಿ. ಅದೂ ಆಗದಿದ್ದರೆ ಚಾರ್ಜರನ್ನು ಬಿಚ್ಚಿ ಬೇರೆ ಗಾಡಿಗೆ ಹಾಕಿ. ಅಲ್ಲಿ ಸಲೀಸಾಗಿ ಓಡಿತು ಅಂದರೆ ತಪ್ಪು ಜೀಪಿನ ವೈರಿಂಗಿನದು.

ಒಂದು ಎಚ್ಚರಿಕೆ. ಆಕಾರ ಒಂದೇ ಇದೆ ಅಂತ ಯಾವ ಬ್ಯಾಟರಿಯನ್ನೂ ಯಾವ ಚಾರ್ಜರಿಗೂ ತುರುಕಬೇಡಿ. ಸೆಟ್ಟಿನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಎರಡು ಸೆಲ್ ಸಾಲಾಗಿರುತ್ತವೆ. ಅದು 7.4 ವೋಲ್ಟಿನದು, ಪೂರ್ತಿ ತುಂಬಿದಾಗ 8.4. ಹಳೆಯ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ ಆರು ಸೆಲ್, 7.2 ವೋಲ್ಟ್. ಹೆಸರಿನ ವೋಲ್ಟೇಜು ಹತ್ತಿರ ಇದ್ದರೂ ತುಂಬಿದ್ದನ್ನು ಗುರುತಿಸುವ ವಿಧಾನ ಪೂರಾ ಬೇರೆ. ಎರಡಕ್ಕೂ ಹೊಂದುವ ಚಾರ್ಜರುಗಳಿವೆ. ಲೇಬಲ್ ಮೇಲೆ ಹಾಗಂತ ಬರೆದಿದ್ದರೆ ಮಾತ್ರ ನಂಬಿ.

ದೀಪವೇ ಹತ್ತದಿದ್ದರೆ

ಇದು ಸುಲಭದ ಕೇಸು. ಮೊದಲು ಕೀ ತಿರುಗಿಸಿ ನೋಡಿ. ಕೆಲವು ಗಾಡಿಗಳಲ್ಲಿ ಕೀ ಆಫ್ ಇದ್ದರೆ ಲೈಟರ್ ಸಾಕೆಟ್ಟಿಗೆ ಕರೆಂಟೇ ಬರುವುದಿಲ್ಲ. ಸೆಟ್ಟುಗಳನ್ನು ರಾತ್ರಿಯೆಲ್ಲ ಗೂಡಿನಲ್ಲಿಟ್ಟು ಬೆಳಿಗ್ಗೆ ಖಾಲಿ ಅಂತ ಗೊಣಗುವವರ ಪೈಕಿ ಅರ್ಧ ಜನರ ಕಥೆ ಇದೇ.

ಕೀ ಆನ್ ಇದ್ದೂ ದೀಪ ಇಲ್ಲ ಅಂದರೆ ಸಾಕೆಟ್ಟಿನೊಳಗೆ ಟಾರ್ಚ್ ಹಾಕಿ ನೋಡಿ. ಒಳಗೆ ನಾಣ್ಯ ಬಿದ್ದು ಶಾರ್ಟ್ ಆಗಿ ಫ್ಯೂಸ್ ಹೋಗುವುದು ನೀವಂದುಕೊಂಡಷ್ಟು ಅಪರೂಪವಲ್ಲ. ತೆಗೆಯುವ ಮೊದಲು ಕೀ ಆಫ್ ಮಾಡಿ. ಕೀ ಆಫ್ ಇದ್ದರೂ ಕರೆಂಟು ಇರುವ ಸಾಕೆಟ್ಟಾದರೆ ಅದರ ಫ್ಯೂಸು ಕಿತ್ತಿಟ್ಟು ತೆಗೆಯಿರಿ. ಆಮೇಲೆ ಚಾರ್ಜರಿನ ಪ್ಲಗ್ಗು. ಬಹಳಷ್ಟು ಪ್ಲಗ್ಗುಗಳ ಮೂತಿಯ ಬಳೆಯನ್ನು ತಿರುಗಿಸಿ ಬಿಚ್ಚಿದರೆ ಒಳಗೆ ಚಿಕ್ಕ ಗಾಜಿನ ಫ್ಯೂಸ್ ಸಿಗುತ್ತದೆ. ಹಿಂದೆ ಒಂದು ಸ್ಪ್ರಿಂಗ್ ಇರುತ್ತದೆ, ಅದು ಹಾರಿ ಸೀಟಿನಡಿ ಸೇರಿದರೆ ಕಷ್ಟ. ಕೈ ಅಡ್ಡ ಇಟ್ಟುಕೊಂಡೇ ಬಿಚ್ಚಿ.

ಮೂರನೆಯದು ಗಾಡಿಯ ಫ್ಯೂಸ್ ಬಾಕ್ಸು. ಎಲೆಯಾಕಾರದ ಫ್ಯೂಸುಗಳಿಗೆ ಬಣ್ಣವೇ ಗುರುತು: ಕೆಂಪು 10 ಆಂಪ್ಸ್, ನೀಲಿ 15, ಹಳದಿ 20, ಹಸಿರು 30. ಹೋಗಿದ್ದ ಬಣ್ಣದ್ದನ್ನೇ ಹಾಕಿ. "ಪದೇಪದೇ ಹೋಗ್ತಿದೆ ಸಾರ್, ಅದಕ್ಕೆ ದೊಡ್ಡದು ಹಾಕಿದೀನಿ" ಅನ್ನುವವರಿದ್ದಾರೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರೂ ಇದ್ದಾರೆ. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ, ತಂತಿಯ ಪಕ್ಕದಲ್ಲೇ ಕಾರ್ಪೆಟ್ಟು, ಸೀಟು, ಡೀಸೆಲ್ ಪೈಪು. ಎರಡನೇ ಫ್ಯೂಸೂ ಹೋಯಿತು ಅಂದರೆ ಎಲ್ಲೋ ಶಾರ್ಟ್ ಇದೆ. ಸೀಟಿನ ಹಳಿಯ ಕೆಳಗೆ ಸಿಕ್ಕಿಕೊಂಡ ಕೇಬಲ್ ಅಥವಾ ಎಂಜಿನ್ ಕಡೆಯಿಂದ ಒಳಬರುವ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ತಗಡಿಗೆ ಉಜ್ಜಿದ ಕೇಬಲ್, ಮೊದಲು ಈ ಎರಡು ಜಾಗ ನೋಡಿ.

ಇನ್ನೊಂದು ವಿಷಯ. ಚಾರ್ಜರನ್ನು ಯಾವ ಗಾಡಿಗೆ ಹಾಕಿದ್ದಾರೆ? ಲಾರಿ, ದೊಡ್ಡ ಬಸ್ಸು, ಪೊಲೀಸರ ದೊಡ್ಡ ವ್ಯಾನುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. ಜೀಪಿನ 12 ವೋಲ್ಟ್ ಚಾರ್ಜರನ್ನು ಅಲ್ಲಿಗೆ ಸಿಕ್ಕಿಸಿದರೆ ಮೂಗಿಗೇ ಉತ್ತರ ಸಿಗುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಎರಡು ಬ್ಯಾಟರಿಯ ನಡುವಿನಿಂದ 12 ವೋಲ್ಟ್ ಎಳೆಯುವ ಜಾಣತನ ಬೇಡ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಉಕ್ಕುತ್ತದೆ.

ದೀಪ ಇದೆ, ಚಾರ್ಜ್ ಇಲ್ಲ

ತಲೆ ತಿನ್ನುವುದು ಇದು. ಗೂಡಿನ ದೀಪ ಹತ್ತಿದೆ. ಸೆಟ್ ಇಟ್ಟರೆ ಕೆಂಪು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮೀಟರ್ ಹಿಡಿದರೆ ಪ್ಲಗ್ಗಿನಲ್ಲಿ 12.5 ವೋಲ್ಟ್ ತೋರಿಸುತ್ತದೆ. "ಸಪ್ಲೈ ಸರಿ ಇದೆ, ಚಾರ್ಜರೇ ಹೋಗಿದೆ" ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ಮೀಟರ್ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಯೇ ತಪ್ಪು. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. 12 ವೋಲ್ಟ್ ಅಳೆಯುವಾಗ ಅದು ಎಳೆಯುವುದು ಒಂದು ಆಂಪಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ತುಕ್ಕು ಹಿಡಿದ ಜಾಯಿಂಟಿನಲ್ಲಿ 1 ಓಮ್ ಅಡ್ಡಿ ಇದ್ದರೂ ಅಷ್ಟು ಸಣ್ಣ ಕರೆಂಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಚಾರ್ಜರ್ ಒಂದೂವರೆ ಆಂಪ್ಸ್ ಎಳೆದ ತಕ್ಷಣ ಅದೇ ಜಾಯಿಂಟು ಒಂದೂವರೆ ವೋಲ್ಟ್ ನುಂಗುತ್ತದೆ. ಒಳಗೆ ಬರುವ ವೋಲ್ಟೇಜು ಲೇಬಲ್ ಮೇಲಿನ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದರೆ ಚಾರ್ಜರ್ ನಿಲ್ಲುತ್ತದೆ. ನಿಂತ ಕೂಡಲೇ ಲೋಡ್ ಇಲ್ಲ, ಅಂದರೆ ಕರೆಂಟು ಎಳೆಯುವವರಿಲ್ಲ, ವೋಲ್ಟೇಜ್ ಮೇಲೇರುತ್ತದೆ, ಮತ್ತೆ ಶುರು. ದೀಪ ಹೋಗಿ ಬರುವ ಆಟ ಇದೇ.

ಹಾಗಾಗಿ ಲೋಡ್ ಇರುವಾಗ ಅಳೆಯಬೇಕು. ಇಲ್ಲಿಗೆ ಆ ಬಲ್ಬು ಬೇಕು. 21 ವ್ಯಾಟ್ ಬಲ್ಬು 12 ವೋಲ್ಟಿಗೆ ಸುಮಾರು 1.75 ಆಂಪ್ಸ್ ಎಳೆಯುತ್ತದೆ, ಹೆಚ್ಚುಕಡಿಮೆ ಒಂದು ಚಾರ್ಜರಿನಷ್ಟೇ. ಚಾರ್ಜರ್ ಪ್ಲಗ್ ಕಿತ್ತು ಅದೇ ಜಾಗಕ್ಕೆ ಬಲ್ಬು ಹಿಡಿಯಿರಿ. ಝಗ್ಗನೆ ಹತ್ತಿದರೆ ಸಪ್ಲೈ ಸರಿ. ಮಂದವಾಗಿ ಕೆಂಪಗೆ ಹತ್ತಿದರೆ ದಾರಿಯಲ್ಲೆಲ್ಲೋ ಅಡ್ಡಿ ಇದೆ. ಎಲ್.ಇ.ಡಿ. ಟೆಸ್ಟರ್ ಇದಕ್ಕೆ ಬರುವುದಿಲ್ಲ, ಅದೂ ಮೀಟರಿನ ಹಾಗೆ ಚೂರೇ ಚೂರು ಕರೆಂಟಿಗೆ ಹತ್ತಿಬಿಡುತ್ತದೆ.

ಅಡ್ಡಿ ಎಲ್ಲಿದೆ ಅಂತ ಹಿಡಿಯುವ ಕ್ರಮ ಹೀಗೆ. ಮೊದಲು ಗಾಡಿ ಬ್ಯಾಟರಿಯ ಕಂಬಗಳ ಮೇಲೇ ಅಳೆಯಿರಿ. ಎಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ 12.6 ಅಂದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹತ್ತಿರ ಹತ್ತಿರ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಅಷ್ಟು ಏರದಿದ್ದರೆ ಎಂಜಿನ್ ಓಡುವಾಗ ಗಾಡಿ ಬ್ಯಾಟರಿ ತುಂಬುವ ಆಲ್ಟರ್ನೇಟರನ್ನು ನೋಡಿಸಿ, ಚಾರ್ಜರ್ ವಿಷಯ ಆಮೇಲೆ.

ಬ್ಯಾಟರಿ ಸರಿ ಇದ್ದರೆ ಬಲ್ಬನ್ನೋ ಚಾರ್ಜರನ್ನೋ ಓಡಲು ಬಿಟ್ಟು, ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ತುದಿ ಚಾರ್ಜರಿನ ಕೆಂಪು ತಂತಿಗೆ ಇಡಿ. ಪ್ಲಸ್‌ನಿಂದ ಪ್ಲಸ್‌ಗೆ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜು. 0.1 ಅಥವಾ 0.2 ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಅರ್ಧ ವೋಲ್ಟ್ ದಾಟಿದರೆ ತುದಿಯನ್ನು ಒಂದೊಂದೇ ಜಾಯಿಂಟಿಗೆ ಹಿಂದಕ್ಕೆ ಸರಿಸುತ್ತಾ ಬನ್ನಿ. ಯಾವ ಜಾಯಿಂಟು ದಾಟಿದ ಕೂಡಲೇ ಅಂಕಿ ದಿಢೀರನೆ ಇಳಿಯುತ್ತದೋ ಅದೇ ಕಳ್ಳ. ಇದೇ ಕೆಲಸವನ್ನು ಮೈನಸ್ ಕಡೆಗೂ ಮಾಡಿ: ಬ್ಯಾಟರಿಯ ಮೈನಸ್ ಕಂಬದಿಂದ ಚಾರ್ಜರಿನ ಕಪ್ಪು ತಂತಿಗೆ.

ಮೈನಸ್ ಕಡೆಯನ್ನು ಬಹಳ ಜನ ಅಳೆಯುವುದೇ ಇಲ್ಲ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ಚಾರ್ಜರ್ ಕೂರಿಸುವವರು ಕೆಂಪು ತಂತಿಯನ್ನು ಶ್ರದ್ಧೆಯಿಂದ ಎಳೆದು, ಕಪ್ಪನ್ನು ಹತ್ತಿರ ಸಿಕ್ಕ ಯಾವುದೋ ಬೋಲ್ಟಿಗೆ ಸುತ್ತಿಬಿಡುತ್ತಾರೆ. ಬೋಲ್ಟಿನ ಕೆಳಗೆ ಪೇಂಟು. ಪೇಂಟಿನ ಕೆಳಗೆ ತುಕ್ಕು. ಮಲೆನಾಡಿನಲ್ಲಿ ಎರಡು ಮಳೆಗಾಲ ಕಳೆದ ಜೀಪಿನ ಫ್ಲೋರಿನಲ್ಲಿ ಒಳ್ಳೆ ಅರ್ಥ್ ಹುಡುಕುವುದು ಸುಲಭವಲ್ಲ, ಅಲ್ವಾ? ಪೇಂಟು ಕೆರೆದು ಹೊಳೆಯುವ ತಗಡು ಕಾಣುವಂತೆ ಮಾಡಿ, ತಂತಿಯ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡಿ. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಇನ್ನೂ ಒಳ್ಳೆಯದು ಅಂದರೆ ಕೆಂಪು, ಕಪ್ಪು ಎರಡನ್ನೂ ಸೀದಾ ಬ್ಯಾಟರಿಗೆ ತೆಗೆದುಕೊಂಡು ಹೋಗಿ, ಕೆಂಪಿನಲ್ಲಿ ಬ್ಯಾಟರಿಗೆ ಒಂದು ಗೇಣಿನೊಳಗೆ ಫ್ಯೂಸ್ ಹಾಕುವುದು.

ತಂತಿಯ ದಪ್ಪವನ್ನೂ ನೋಡಿ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.035 ಓಮ್. ಬ್ಯಾಟರಿಯಿಂದ ಜೀಪಿನ ಹಿಂಭಾಗಕ್ಕೆ ಹೋಗಿ ಬರುವ ದಾರಿ 8 ಮೀಟರ್ ಅಂದುಕೊಳ್ಳಿ, 2 ಆಂಪ್ಸಿಗೆ ಅರ್ಧ ವೋಲ್ಟಿಗಿಂತ ಜಾಸ್ತಿ ಅಲ್ಲೇ ಹೋಯಿತು. 1.5 ಚದರ ಮಿಲಿಮೀಟರಿನದು ಹಾಕಿದರೆ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರು ಗೂಡಿನ ಚಾರ್ಜರಾದರೆ ಇನ್ನೂ ದಪ್ಪ ಬೇಕು. ಹಾಗೆಯೇ ತಂತಿ ತಿರುಚಿ ಟೇಪ್ ಸುತ್ತಿದ ಜಾಯಿಂಟು ಮನೆಯಲ್ಲಿ ನಡೆದರೂ ಜೀಪಿನಲ್ಲಿ ನಡೆಯುವುದಿಲ್ಲ. ಘಾಟಿಯ ರಸ್ತೆಯ ಅಲುಗಾಟಕ್ಕೆ ಅದು ಸಡಿಲವಾಗಿಯೇ ಆಗುತ್ತದೆ. ಕ್ರಿಂಪ್ ಮಾಡಿ, ಅಂದರೆ ತಂತಿಯನ್ನು ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಒತ್ತಿ ಬಿಗಿ ಮಾಡಿ.

ಇನ್ನೊಂದು ಬಗೆಯ ಆಟ ಗಸ್ತು ಗಾಡಿಗಳದ್ದು. ದಿನವಿಡೀ ನಿಲ್ಲಿಸು, ಸ್ಟಾರ್ಟ್ ಮಾಡು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜು 10ರ ಆಸುಪಾಸಿಗೆ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಆ ಕ್ಷಣ ಲೈಟರ್ ಸಾಕೆಟ್ಟೇ ಆಫ್ ಆಗುತ್ತದೆ. ಚಾರ್ಜರ್ ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತದೆ. ಲಿಥಿಯಂ ಬ್ಯಾಟರಿಗೆ ಇದು ದೊಡ್ಡ ಪೆಟ್ಟಲ್ಲ. ಹಳೆಯ ನಿಕಲ್ ಬ್ಯಾಟರಿಗೆ ಪೆಟ್ಟು. ತುಂಬಿದ ಬ್ಯಾಟರಿಗೇ ಮತ್ತೆ ಮತ್ತೆ ಪೂರ್ತಿ ಕರೆಂಟು ತಳ್ಳುವುದರಿಂದ ಅದು ಬಿಸಿಯಾಗಿ ಬೇಗ ಮುದಿಯಾಗುತ್ತದೆ.

ಗೂಡಿನ ಪಿನ್ನುಗಳು

ವೈರಿಂಗ್ ಸರಿ ಇದ್ದೂ ಆಗುತ್ತಿಲ್ಲ ಅಂದರೆ ಗೂಡಿನ ತಳ ನೋಡಿ. ಧೂಳು, ಅಡಿಕೆ ಚೂರು, ಬೆವರಿನ ಜಿಡ್ಡು, ಮಳೆಗಾಲವಾದರೆ ಹಸಿರು ಕಿಲುಬು. ಸ್ಪ್ರಿಂಗ್ ಪಿನ್ನುಗಳನ್ನು ಮರದ ಕಡ್ಡಿಯಿಂದ ಒತ್ತಿ ನೋಡಿ, ಒತ್ತಿದ್ದು ವಾಪಸ್ ಬರಬೇಕು. ಒಂದು ಒಳಗೇ ಸಿಕ್ಕಿಕೊಂಡಿದ್ದರೂ ಸಾಕು, ಚಾರ್ಜ್ ಇಲ್ಲ. ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಬ್ಯಾಟರಿಯ ಮೇಲಿನ ತಗಡುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಉಪ್ಪು ಕಾಗದ ಮಾತ್ರ ಬೇಡ. ಮೇಲಿನ ತೆಳು ಲೇಪನ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಜೋರು ಕಿಲುಬು.

ಪಿನ್ನುಗಳು ಎರಡಲ್ಲ, ಮೂರೋ ನಾಲ್ಕೋ ಇರುತ್ತವೆ. ಜಾಸ್ತಿ ಇರುವುದರಲ್ಲಿ ಒಂದು ಬ್ಯಾಟರಿಯೊಳಗಿನ ಥರ್ಮಿಸ್ಟರಿನದು. ಚಾರ್ಜರ್ ಅದರಿಂದ ಬ್ಯಾಟರಿಯ ಬಿಸಿ ತಿಳಿಯುತ್ತದೆ. ಅದು ತಾಗದಿದ್ದರೆ ಪ್ಲಸ್ ಮೈನಸ್ ಎರಡೂ ಸರಿ ಇದ್ದರೂ ಚಾರ್ಜರ್ ತಪ್ಪು ತೋರಿಸಿ ಕೂತುಬಿಡುತ್ತದೆ.

ಚರ್ಮದ ಕವರಿನ ಸಮೇತ ಸೆಟ್ಟನ್ನು ಗೂಡಿಗೆ ತುರುಕುವುದು ಇನ್ನೊಂದು ಕಾಯಂ ಕಾರಣ. ಕವರಿನ ಹೊಲಿಗೆ ಒಂದು ಮಿಲಿಮೀಟರ್ ಎತ್ತಿ ಹಿಡಿದರೂ ಪಿನ್ನು ತಾಗುವುದಿಲ್ಲ. ನಿಂತಾಗ ಚಾರ್ಜ್ ಆಗಿ ಓಡುವಾಗ ಆಗದಿದ್ದರೆ ಹಿಡಿಯುವ ಕ್ಲಿಪ್ಪು ಸಡಿಲ. ಕ್ಲಿಪ್ಪು ಮುರಿದಿದೆ ಅಂತ ಟೇಬಲ್ ಚಾರ್ಜರನ್ನೇ ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹೊಡೆದು ಕೂರಿಸಿದವರನ್ನೂ ನೋಡಿದ್ದೇನೆ. ಅದು ಅಲುಗಾಟಕ್ಕೆಂದು ಮಾಡಿದ್ದಲ್ಲ.

ಬಿಸಿಲು

ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಕೆಳಗಿನ ಅಂಕಿಯ ಚಿಂತೆ ನಮ್ಮ ಕಡೆ ಇಲ್ಲ. ಮೇಲಿನದು ಇದೆ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಏಪ್ರಿಲ್ ಮಧ್ಯಾಹ್ನ ಹೊರಗೇ 40 ದಾಟಿರುತ್ತದೆ. ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮುಟ್ಟಲಾಗುವುದಿಲ್ಲ. ಅಲ್ಲಿಟ್ಟ ಬ್ಯಾಟರಿಗೆ ಚಾರ್ಜರ್ ಕರೆಂಟು ಕೊಡದೆ ಕಾಯುತ್ತದೆ. ಹಳದಿ ಮಿಣುಕುವ ದೀಪಕ್ಕೆ ಕೆಲವು ಮಾಡೆಲ್‌ಗಳಲ್ಲಿ "ಕಾಯುತ್ತಿದ್ದೇನೆ" ಅಂತಲೇ ಅರ್ಥ, ನಿಮ್ಮದರ ಬಣ್ಣಗಳ ಅರ್ಥ ಲೇಬಲ್ ನೋಡಿ ತಿಳಿಯಿರಿ. ಇದು ದೋಷವೇ ಅಲ್ಲ. ಚಾರ್ಜರನ್ನು ಗಾಜಿನ ಕೆಳಗಿನಿಂದ ತೆಗೆದು ಸೀಟುಗಳ ನಡುವೆ ನೆರಳಿಗೆ ಕೂರಿಸಿ.

ಬೇಗ ಹಸಿರು, ಬೇಗ ಖಾಲಿ

ಹದಿನೈದು ನಿಮಿಷಕ್ಕೇ ಹಸಿರು ಬಂತು, ಆದರೆ ಸೆಟ್ಟು ಮಧ್ಯಾಹ್ನಕ್ಕೇ ಕೀಚ್ ಅನ್ನುತ್ತದೆ. ಬ್ಯಾಟರಿ ಮುದಿಯಾಗಿದೆ. ಮುದಿ ಸೆಲ್ಲುಗಳ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಸ್ವಲ್ಪ ಕರೆಂಟು ತಳ್ಳಿದರೂ ವೋಲ್ಟೇಜು ಬೇಗ ಮೇಲೆ ಮುಟ್ಟುತ್ತದೆ, ಅದರ ಜೊತೆಗೆ ಹಿಡಿಯುವ ಶಕ್ತಿಯೂ ಕುಗ್ಗಿರುತ್ತದೆ. ಚಾರ್ಜರ್ ತುಂಬಿತು ಅಂದುಕೊಳ್ಳುತ್ತದೆ. ಹಸಿರು ಬಂದ ಬ್ಯಾಟರಿ ಹಾಕಿ ಮಾತಾಡಲು ಒತ್ತಿದ ಕೂಡಲೇ ಲೋ ಬ್ಯಾಟರಿ ಸದ್ದು ಬಂದರೆ ಅನುಮಾನವೇ ಬೇಡ. ಆದರೆ ಟೆಸ್ಟ್ ಅಂತ ಸುಮ್ನೆ ಒತ್ತಿ ಹಿಡಿದು ಇಡೀ ಚಾನೆಲ್ ಕಟ್ಟಿಹಾಕಬೇಡಿ.

ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಅಂತ ಕಂಪನಿಗಳು ಹೇಳುವುದು ಹೆಚ್ಚಾಗಿ 5-5-90 ಲೆಕ್ಕದಲ್ಲಿ: ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು. ಜಾತ್ರೆ ಬಂದೋಬಸ್ತಿನಲ್ಲೋ ಆನೆ ಓಡಿಸುವಾಗಲೋ ಈ ಲೆಕ್ಕ ಎಲ್ಲಿ ನಡೆಯುತ್ತದೆ? ಅಂಥ ದಿನ ಬೇಗ ಖಾಲಿಯಾದರೆ ಬ್ಯಾಟರಿಯನ್ನು ಬೈಯುವಂತಿಲ್ಲ.

ಚಾರ್ಜಿಗೆ ಹಾಕುವಾಗ ಸೆಟ್ ಆಫ್ ಇರಲಿ. ಆನ್ ಇದ್ದರೆ ಅದು ಎಳೆಯುವ ಕರೆಂಟನ್ನೂ ಚಾರ್ಜರ್ ಬ್ಯಾಟರಿಯದ್ದೆಂದು ಎಣಿಸಿ ಗೊಂದಲ ಮಾಡಿಕೊಳ್ಳುತ್ತದೆ. ಗೂಡಿನಲ್ಲಿಟ್ಟೇ 5 ವ್ಯಾಟಿನಲ್ಲಿ ಮಾತಾಡುತ್ತಿದ್ದರೆ ಆ ಹೊತ್ತಿನಲ್ಲಿ ಚಾರ್ಜರ್ ಕೊಡುವುದಕ್ಕಿಂತ ಸೆಟ್ಟು ತಿನ್ನುವುದೇ ಜಾಸ್ತಿ ಆಗಬಹುದು.

ರಜೆಯಲ್ಲಿ ಆಫ್ ಮಾಡದೆ ಬಿಟ್ಟುಹೋದ ಬ್ಯಾಟರಿ ಪೂರ್ತಿ ಸತ್ತಂತೆ ಕಾಣುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟ್ ಕತ್ತರಿಸಿಕೊಂಡಿರುತ್ತದೆ. ಅರ್ಧ ಗಂಟೆ ಟೇಬಲ್ ಚಾರ್ಜರಿನಲ್ಲಿಡಿ, ಕೆಲವು ಎಚ್ಚರವಾಗುತ್ತವೆ. ಆಗದಿದ್ದರೆ ಬಿಟ್ಟುಬಿಡಿ. ಗಾಡಿ ಬ್ಯಾಟರಿಯಿಂದ ಎರಡು ತಂತಿ ತಾಗಿಸಿ ಎಬ್ಬಿಸುವುದು ಬೆಂಕಿಯ ಜೊತೆ ಆಟ. ಉಬ್ಬಿದ ಬ್ಯಾಟರಿಯನ್ನೂ ಅದೇ ಕ್ಷಣ ಬಳಕೆಯಿಂದ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ.

ಚಾರ್ಜಿಗೆ ಹಾಕಿದರೆ ಗೊರಗೊರ ಸದ್ದು

ಗಾಡಿಯೊಳಗೆ ಸೆಟ್ಟು ದೂರದ ಮಾತು ಹಿಡಿಯುವುದಿಲ್ಲ, ಬರೀ ಗೊರಗೊರ. ಚಾರ್ಜರ್ ಪ್ಲಗ್ ಕಿತ್ತು ನೋಡಿ. ನಿಂತರೆ ಚಾರ್ಜರಿನೊಳಗಿನ ಸ್ವಿಚಿಂಗ್ ಸರ್ಕ್ಯೂಟಿನ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಸದ್ದೂ ಏರಿದರೆ ಆಲ್ಟರ್ನೇಟರಿನದು. ಎರಡೂ ಅಲ್ಲ ಅಂದರೆ ಪಕ್ಕದ ಸಾಕೆಟ್ಟಿನಲ್ಲಿರುವ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ನನ್ನ ಅನುಮಾನ ಮೊದಲು ಅದರ ಮೇಲೇ. ಕೇಬಲ್ಲಿಗೆ ಫೆರೈಟ್ ಕ್ಲಿಪ್ (ಸದ್ದು ತಡೆಯುವ, ಕೇಬಲ್ ಸುತ್ತ ಕೂರುವ ಗುಂಡು) ಹಾಕಿದರೆ ಸ್ವಲ್ಪ ತಗ್ಗುತ್ತದೆ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ

ಇದಕ್ಕೂ ಚಾರ್ಜರಿಗೇ ಬೈಗುಳ. ಲೆಕ್ಕ ಹಾಕೋಣ. 2000 ಮಿಲಿಆಂಪಿಯರ್ ಅವರ್‌ನ 7.4 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 15 ವ್ಯಾಟ್ ಅವರ್. ಆರು ಬ್ಯಾಟರಿಗೆ 90. ನಷ್ಟ ಸೇರಿಸಿ 110 ಅಂದುಕೊಂಡರೂ ಗಾಡಿ ಬ್ಯಾಟರಿಯಿಂದ ಹೋಗುವುದು 9 ಆಂಪಿಯರ್ ಅವರ್‌ನಷ್ಟು. 70 ಆಂಪಿಯರ್ ಅವರ್‌ನ ಆರೋಗ್ಯವಂತ ಬ್ಯಾಟರಿ ಅಷ್ಟಕ್ಕೆ ಮಲಗುವುದಿಲ್ಲ. ಮಲಗಿತು ಅಂದರೆ ಅದು ಮೊದಲೇ ಸೋತಿತ್ತು. ಆದರೂ ಸೀದಾ ಬ್ಯಾಟರಿಗೆ ಜೋಡಿಸಿದ ಚಾರ್ಜರಿಗೆ ಲೋ ವೋಲ್ಟೇಜ್ ಕಟಾಫ್ (ಗಾಡಿ ಬ್ಯಾಟರಿ ತೀರಾ ಇಳಿದರೆ ತಾನೇ ಕರೆಂಟು ಕತ್ತರಿಸುವ ಸಾಧನ) ಹಾಕುವುದು ಒಳ್ಳೆಯದು, ವಾರಗಟ್ಟಲೆ ನಿಲ್ಲುವ ಗಾಡಿಗಂತೂ ಬೇಕೇ ಬೇಕು.

ನಿಜಕ್ಕೂ ಚಾರ್ಜರೇ ಹೋಗಿದ್ದರೆ

ಲೋಡ್ ಇರುವಾಗಲೂ ಒಳಬರುವ ವೋಲ್ಟೇಜು ಸರಿ, ಪಿನ್ನು ಚೊಕ್ಕ, ಬ್ಯಾಟರಿ ಒಳ್ಳೆಯದು, ಬಿಸಿಯೂ ಇಲ್ಲ, ಆದರೂ ಚಾರ್ಜ್ ಇಲ್ಲ. ಆಗ ಮಾತ್ರ ಚಾರ್ಜರ್ ಬದಲಿಸಿ. ಖಾಲಿ ಗೂಡಿನ ಪಿನ್ನಿನಲ್ಲಿ ವೋಲ್ಟೇಜು ಸೊನ್ನೆ ಬಂತೆಂದು ತೀರ್ಮಾನಿಸಬೇಡಿ. ಬ್ಯಾಟರಿ ಕೂರುವವರೆಗೆ ಏನೂ ಕೊಡದ ಚಾರ್ಜರುಗಳೇ ಬಹಳ. ಅರ್ಧ ಖಾಲಿ ಬ್ಯಾಟರಿ ಹಾಕಿ, ಸೆಟ್ಟಿಗೆ ತಾಗುವ ತಗಡುಗಳಲ್ಲಿ ಮೊದಲೊಮ್ಮೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಅಂಕಿ ಏರಿದ್ದರೆ ಚಾರ್ಜರ್ ಜೀವಂತ.

ಸತ್ತಿದ್ದರೆ ಯಾಕೆ ಸತ್ತಿತು ಅಂತ ಕೇಳಿ ಬಿಡಿ. ಇತ್ತೀಚೆಗೆ ಗಾಡಿಯ ತಗಡಿಗೆ ವೆಲ್ಡಿಂಗ್ ಮಾಡಿಸಿದರಾ, ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತರಾ? ಓಡುವ ಆಲ್ಟರ್ನೇಟರಿನಿಂದ ಬ್ಯಾಟರಿ ಕಿತ್ತರೆ ಒಂದು ಕ್ಷಣ ವೋಲ್ಟೇಜು ಹತ್ತಾರು ವೋಲ್ಟ್ ಮೇಲೆ ನೆಗೆಯುತ್ತದೆ. ಸಡಿಲ ಟರ್ಮಿನಲ್ ಹಳ್ಳದ ರಸ್ತೆಯಲ್ಲಿ ಇದನ್ನೇ ಮತ್ತೆ ಮತ್ತೆ ಮಾಡುತ್ತದೆ. ಟರ್ಮಿನಲ್ ಬಿಗಿ ಮಾಡಿ, ಎಂಜಿನ್ ಜೋರಾಗಿ ಓಡಿಸಿ ಬ್ಯಾಟರಿಯಲ್ಲಿ ಅಳೆಯಿರಿ. 15 ವೋಲ್ಟ್ ದಾಟಿದರೆ ಆಲ್ಟರ್ನೇಟರಿನ ವೋಲ್ಟೇಜು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಮೊದಲು ಅದನ್ನು ಬದಲಿಸಿ, ಹೊಸ ಚಾರ್ಜರ್ ಆಮೇಲೆ ಕೂರಿಸಿ.